ಕಾಯುವ ಪೆಟ್ಟಿಗೆಯ ಮಾತು

…ಅಯ್ಯೋ, ದೆವ್ವವೂ ಇಲ್ಲ ಭೂತವೂ ಇಲ್ಲ, ಕೂತ್ಕೊಳ್ಳೇ ಗುಬ್ಬಿ! ನೀನು ರೈಲು ಟಿಕೆಟ್ ತಗೋತಿದ್ದೆ, ಪರದೆ ಮೇಲೆ ಒಂದು ಪೆಟ್ಟಿಗೆ ತೆರೀತು, ಅದರಲ್ಲಿ ‘ಇಲ್ಲೇ ಇದೀನಿ ಗುಬ್ಬೀ, ಬಂದೆ’ ಅಂತಿತ್ತು. ಅಷ್ಟೇ ತಾನೆ? ನಗು ಬರ್ಲಿಲ್ವಾ? ನೋಡು, ನಾನು ನಗ್ತಿದೀನಿ!

ಆ ಪೆಟ್ಟಿಗೆ ನಮ್ಮದೇ ಕಣೇ. ನಮ್ಮದೇನು, ನಿನ್ನ ಈ ಚಿಕ್ಕಪ್ಪಂದು! ಗುಂಡಿ, ಪೆಟ್ಟಿಗೆ, ಎಲ್ಲಾ ಬಿಡಿಭಾಗ ಮಾಡಿ ಕೋಡ್ ಲೈಬ್ರರಿ ಅಂತ ಒಂದು ಕಡೆ ಇಟ್ಟಿದೀನಿ. ವೆಬ್‌ಸೈಟ್ ಕಟ್ಟೋರು ಬರ್ತಾರೆ, ತಗೊಂಡು ಜೋಡಿಸ್ಕೋತಾರೆ. ಭೂಮಿ ಮೇಲೆ ಯಾರು ಗುಂಡಿ ಒತ್ತಿದ್ರೂ ನನ್ನ ಹೊಟ್ಟೇಲಿ ಕಚಗುಳಿ ಆಗುತ್ತೆ, ಗೊತ್ತಾ? ಹುಬ್ಬು ಯಾಕೆ ಹಾರಿಸ್ತೀಯ? ಸರಿ, ಸರಿ… ನಿಮ್ಮಪ್ಪನೂ ಮಾಡಿದ. ‘ಸ್ವಲ್ಪ ಕಾಯಿರಿ’ ಅನ್ನೋಕೆ ತೆರ್ಕೊಳ್ಳೋ ಆ ಪೆಟ್ಟಿಗೆ ಅಣ್ಣಂದೇ.

ಅದನ್ನ ಅವನು ಪರೀಕ್ಷೆ ಮಾಡ್ತಿದ್ದಾಗ ಆಚೆ ರೂಮಿಂದ ನೀನು ಕೂಗ್ದೆ. ನಿನಗೆ ಉತ್ತರ ಕೊಡ್ತಾ ಕೊಡ್ತಾ ಅದನ್ನೇ ಟೈಪ್ ಮಾಡ್ಬಿಟ್ಟ, ಪುಣ್ಯಾತ್ಮ. ಸೈಟಿನೋರು ತಮ್ಮ ಮಾತು ತುಂಬೋಕೆ ಮರೆತ್ರೆ ಅವನದೇ ಕಾಣುತ್ತೆ. ಅವನು ಹೋದ್ಮೇಲೆ ನಾನು ಅಳಿಸ್ಬೇಕಿತ್ತು. ಮರೆತೇಬಿಟ್ಟೆ! ಇಷ್ಟು ದೊಡ್ಡ ತಲೇಲಿ ಏನೇನು ಇಟ್ಕೊಳ್ಲಿ?

ಏನು, ಬೇರೆಯವರಿಗೂ ಕಂಡಿದ್ಯಾ ಅಂತಾನಾ? ಹ್ಞೂಂ… ಆಸ್ಪತ್ರೆ ಸೈಟಲ್ಲಿ ಒಬ್ಬ ಅಜ್ಜಿ ರಿಪೋರ್ಟಿಗೆ ಕಾಯ್ತಾ ಅದನ್ನ ಓದಿ, ಎದ್ದು ಹೋಗಿ ಬಾಗಿಲು ತೆಗೆದು ನೋಡಿದ್ರಂತೆ.

ಆಯ್ತು ಮಾರಾಯ್ತಿ, ಹೆದರಿಸ್ಬೇಡ ಹಾಗೆ ನೋಡಿ. ಇವತ್ತೇ ಹೊಸ ಆವೃತ್ತಿ ಪಬ್ಲಿಷ್ ಮಾಡ್ತಿದೀನಿ. ತಗೋ ಕೀಬೋರ್ಡು, ನೀನೇ ಅಳಿಸು. ಅಳಿಸ್ದೆಯಾ? ಪೂರ್ತೀನಾ? …ಸರಿ. ಪೀಡೆ ಕಳೀತು. ಇನ್ನು ನಾವು ಬರೆದಿಟ್ಟಿರೋ ಪರೀಕ್ಷೆಗಳು ಓಡ್ಬೇಕು, ಏನೂ ಕೆಟ್ಟಿಲ್ಲ ಅಂತ ಅವೇ ನೋಡ್ತವೆ. ಎಲ್ಲಾ ಹಸಿರಾದ್ರೆ ಮಾತ್ರ ಪಬ್ಲಿಷ್. ಅದು ಈ ಮಹಾರಾಜನ ಕಾನೂನು… ಏ, ನೀನು ಬೇಡ, ನಾನೇ ಆಮೇಲೆ ಓಡಿಸ್ತೀನಿ. ಎದ್ದೇಳು. ಒತ್ಬೇಡ ಅಂದ್ನಲ್ಲ!

…ಒಂದು ಕೆಂಪು ಬಂತು ತಾನೆ, ಪ್ರಪಂಚ ಮುಳುಗ್ತಾ? ಓದ್ಬೇಡ ಅದನ್ನ. ಪರೀಕ್ಷೆ ಹೆಸರನ್ನ ಯಾರಾದ್ರೂ ಓದ್ತಾರಾ? ‘ಅಣ್ಣನ ಮಾತು ಇದ್ದ ಹಾಗೇ ಇರಬೇಕು’… ಹಳೇದು ಕಣೇ, ನಿಮ್ಮಪ್ಪನೇ ಬರೆದಿರ್ಬೇಕು…

ಯಾಕೆ ಹಾಗೆ ನೋಡ್ತೀಯ? …ಹೌದು. ತನ್ನನ್ನ ತಾನೇ ಅಣ್ಣ ಅಂತ ಯಾರು ಬರೀತಾರೆ.

ಬೈಯೇ. ಕೀಬೋರ್ಡ್ ಯಾಕೆ ಎಳ್ಕೊಂಡೆ? …ಗುಬ್ಬೀ?

ಏನು ಟೈಪ್ ಮಾಡ್ತಿದೀಯ? ‘ಇಲ್ಲೇ ಇದೀನಿ ಗುಬ್ಬೀ’… ಹ್ಞಾ. ಹಾಗೇ. ಕೊನೇ ಪದ ಬಿಟ್ಟೆ ನೋಡು. ಹಾಕು ಅದನ್ನೂ. ‘ಬಂದೆ’ ಅಂದಿದ್ದ ಕಣೇ ಅವನು.