ಓಬಯ್ಯನ ಕೈಯಲ್ಲಿ ಎರಡು ಅರ್ಜಿ

ಉಪಕಾರ ಸ್ಮರಣೆಯ ಬಗ್ಗೆ ಅರ್ಧ ಗಂಟೆಯಿಂದ ದೊಡ್ಡ ದೊಡ್ಡ ಮಾತಾಯಿತು. ಹಿಂದಿನ ಸಾಲಿನಲ್ಲಿ ಇಬ್ಬರು ಆಕಳಿಸಿದ್ದೂ ಆಯಿತು. ತಪ್ಪು ಅವರದಲ್ಲ, ದೊಡ್ಡ ಮಾತುಗಳದು. ಈಗ ಒಂದು ದೃಷ್ಟಾಂತ ಕೇಳಿ. ಇದರಲ್ಲಿ ರಾಜನಿಲ್ಲ, ಋಷಿಯಿಲ್ಲ, ಬಾಸ್ಕೆಟ್‌ಬಾಲ್ ಇದೆ. ನಗಬೇಡಿ. ಒಳ್ಳೆಯ ಮಾತು ಹೇಳಲು ಚೆಂಡೂ ಸಾಕು.

ಒಂದೂರಿನಲ್ಲಿ ಒಬ್ಬ ಗಿಡ್ಡ ಹುಡುಗನಿದ್ದ. ದೃಷ್ಟಾಂತದಲ್ಲಿ ಬರುವವರಿಗೆ ಸಾಮಾನ್ಯವಾಗಿ ಹೆಸರಿರುವುದಿಲ್ಲ. ಆದರೆ ಆಟದ ಮೈದಾನದಲ್ಲಿ ಹೆಸರು ಹಿಡಿದು ಕೂಗದಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಆದ್ದರಿಂದ ಅವನನ್ನು ತಿಪ್ಪೇಶ ಎನ್ನೋಣ. ಊರಿನ ಹೆಸರು ಮಾತ್ರ ಬೇಡ. ಅಲ್ಲೊಂದು ದೊಡ್ಡ ಕೋಟೆಯಿತ್ತು, ಅಷ್ಟು ಸಾಕು.

ಆಟ ಗೊತ್ತಿಲ್ಲದ ತಾಯಂದಿರಿಗೆ ಒಂದು ಮಾತು. ಒಂದು ತಂಡದಲ್ಲಿ ಐದು ಜನ. ಎದುರು ಕಂಬದ ಮೇಲಿರುವ ಕಬ್ಬಿಣದ ಬಳೆಯೊಳಗೆ ಚೆಂಡು ಹಾಕಬೇಕು. ಐವರಲ್ಲಿ ಗಾರ್ಡ್ ಅಂತ ಒಬ್ಬನಿರುತ್ತಾನೆ. ಅವನು ಪಂಕ್ತಿಯಲ್ಲಿ ಸಾರಿನ ಬಕೆಟ್ ಹಿಡಿದವನ ಹಾಗೆ. ಚೆಂಡನ್ನು ಪುಟಿಸಿಕೊಂಡು ಅವನೇ ತರಬೇಕು, ಯಾರ ಎಲೆ ಖಾಲಿಯಿದೆ ನೋಡಬೇಕು, ಅಲ್ಲಿಗೆ ಬಡಿಸಬೇಕು. ತಿಪ್ಪೇಶ ಬಹಳ ಒಳ್ಳೆಯ ಗಾರ್ಡ್. ಆದರೆ ನೋಡಿ, ಬಕೆಟ್ ಹಿಡಿದವನಿಗೆ ಒಮ್ಮೊಮ್ಮೆ ಒಂದು ಭ್ರಮೆ ಬರುತ್ತದೆ. ಸಾರು ತಾನೇ ಮಾಡಿದ್ದು ಅನಿಸಿಬಿಡುತ್ತದೆ.

ಪಿಯುಸಿಯಲ್ಲಿ ಅವನ ಜೊತೆಗಾರ ಓಬಯ್ಯ. ತಾತನ ಹೆಸರು ಇಟ್ಟಿದ್ದರು. ಆರಡಿ ಮೂರಂಗುಲದ ಹುಡುಗ, ಮಾತು ಮಾತ್ರ ಗೇಣುದ್ದ. ಅವನು ಎಡಗಡೆಯ ಮೂಲೆಯಲ್ಲಿ ಎರಡೂ ಕೈ ಎತ್ತಿ ನಿಲ್ಲುತ್ತಿದ್ದ. ತಿಪ್ಪೇಶನಿಗೆ ದಾರಿ ಕಟ್ಟಿದಾಗ ಕಣ್ಣು ಆ ಮೂಲೆಗೆ ಹೋಗುತ್ತಿತ್ತು, ಕಣ್ಣಿನ ಹಿಂದೆ ಚೆಂಡೂ ಹೋಗುತ್ತಿತ್ತು. ಓಬಯ್ಯ ಹಿಡಿದವನೇ ಹಾಕುತ್ತಿದ್ದ. ಹಿಡಿಯುವುದಕ್ಕೂ ಹಾಕುವುದಕ್ಕೂ ನಡುವೆ ಯೋಚನೆ ಎಂಬುದೇ ಇರುತ್ತಿರಲಿಲ್ಲ.

ಆ ಕಾಲೇಜಿನ ಪಿ.ಟಿ. ಮೇಷ್ಟ್ರು ಒಂದು ಕಟ್ಟಳೆ ಮಾಡಿದ್ದರು. ಬಾಸ್ಕೆಟ್ ಹಾಕಿದವನು ಕುಣಿಯಬಾರದು, ಎದೆ ತಟ್ಟಿಕೊಳ್ಳಬಾರದು. ತನಗೆ ಚೆಂಡು ಕೊಟ್ಟವನ ಕಡೆ ಬೆರಳು ತೋರಿಸಬೇಕು. ‘ಇದು ಅವನದು’ ಎಂದು ನೋಡುವವರಿಗೆ ಗೊತ್ತಾಗಬೇಕು. ತಪ್ಪಿದರೆ ಮೈದಾನಕ್ಕೆ ಐದು ಸುತ್ತು ಓಟ. ಓಬಯ್ಯ ಒಮ್ಮೆಯೂ ತಪ್ಪಲಿಲ್ಲ. ಚೆಂಡು ಬಳೆಯಿಂದ ಕೆಳಗೆ ಬೀಳುವ ಮೊದಲೇ ಅವನ ಬೆರಳು ತಿಪ್ಪೇಶನ ಕಡೆ ಇರುತ್ತಿತ್ತು. ತಿಪ್ಪೇಶ ಮಾತ್ರ ದಿನಾ ಓಡುತ್ತಿದ್ದ.

“ಯಾಕಲೇ, ಬೆರಳೇನು ಸವೆದು ಹೋಗ್ತತಾ?” ಎಂದು ಮೇಷ್ಟ್ರು ಕೇಳಿದರೆ, “ಸಾರ್, ಎಲ್ಲರಿಗೂ ಪಾಸ್ ಕೊಡೋನೇ ನಾನು. ನಾನು ಯಾರ ಕಡೆ ತೋರಿಸ್ಲಿ?” ಎನ್ನುತ್ತಿದ್ದ.

ಮಾತು ಸರಿಯಾಗಿಯೇ ಇದೆ, ಅಲ್ಲವೇ? ನಮ್ಮ ಮಾತುಗಳೂ ಹೀಗೆಯೇ ಸರಿಯಾಗಿರುತ್ತವೆ. ಅವನು ನುಗ್ಗುವ ದಾರಿಯಲ್ಲಿ ಎದುರಾಳಿ ಅಡ್ಡ ಬರದಂತೆ ಗೋಡೆಯ ಹಾಗೆ ನಿಂತು ಪಕ್ಕೆಗೆ ಗುದ್ದು ತಿನ್ನುತ್ತಿದ್ದವನು ಯಾರು? ಓಬಯ್ಯ. ಅದಕ್ಕೆ ಪಾಯಿಂಟ್ ಇಲ್ಲ, ಚಪ್ಪಾಳೆಯೂ ಇಲ್ಲ. ಸಂಜೆ ಪಕ್ಕೆಗೆ ನೀಲಗಿರಿ ಎಣ್ಣೆ ಹಚ್ಚಿಕೊಂಡು, “ಇವತ್ತು ಚಲೋ ಆಡ್ದಿ ಕಣಲೇ” ಎಂದು ಅವನೇ ತಿಪ್ಪೇಶನಿಗೆ ಹೇಳುತ್ತಿದ್ದ.

ಪಿಯುಸಿ ಮುಗಿಯಿತು. ಊರಿನ ಡಿಗ್ರಿ ಕಾಲೇಜಿಗೇ ಇಬ್ಬರೂ ಸೇರುವುದೆಂದು ಮಾತಾಗಿತ್ತು. ಓಬಯ್ಯ ಬೆಳಿಗ್ಗೆಯೇ ಸರತಿಯಲ್ಲಿ ನಿಂತು ಎರಡು ಅರ್ಜಿ ತೆಗೆದುಕೊಂಡ. ತಿಪ್ಪೇಶನ ಅರ್ಜಿಯನ್ನೂ ತಾನೇ ತುಂಬಿದ, ಸಹಿಯೊಂದು ಬಿಟ್ಟು. ಅದೇ ಬೆಳಿಗ್ಗೆ ಬೆಣ್ಣೆದೋಸೆಯ ಊರಿನ ಕಾಲೇಜಿನಿಂದ ಒಬ್ಬ ಕೋಚ್ ಸ್ಕೂಟರಿನಲ್ಲಿ ಬಂದಿದ್ದ, ಹಿಂದೆ ಒಂದು ಹೊಸ ಶೂ ಡಬ್ಬಿ ಕಟ್ಟಿಕೊಂಡು. ಶೂ ತಿಪ್ಪೇಶನ ಕಾಲಿಗೆ ಸರಿಯಾಗಿ ಕೂತಿತು. ಕಾಲು ಆ ಶೂ ಇದ್ದ ಕಡೆಗೇ ಹೋಯಿತು. ಓಬಯ್ಯನಿಗೆ ಒಂದು ಮಾತು ಹೇಳಿ ಹೋಗಬಹುದಿತ್ತು. ಬಸ್ಸಿಗೆ ಹೊತ್ತಾಗುತ್ತದೆ ಅಂದುಕೊಂಡ. ಬಸ್ಸು ಅರ್ಧ ಗಂಟೆ ತಡವಾಗಿ ಬಂತು.

ಓಬಯ್ಯ ಸಂಜೆ ಕಚೇರಿಯ ಕಿಟಕಿ ಮುಚ್ಚುವವರೆಗೂ ಕಾದ. ಕೊನೆಗೆ ಗುಮಾಸ್ತರು, “ನಿಂದಾದ್ರೂ ಕೊಡಪ್ಪ, ನಾನು ಮನೆಗೆ ಹೋಗ್ಬೇಕು” ಅಂದಾಗ ತನ್ನದೊಂದನ್ನು ಕೊಟ್ಟ. ಇನ್ನೊಂದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡ.

ಬೆಣ್ಣೆದೋಸೆಯ ಊರಿನಲ್ಲಿ ತಿಪ್ಪೇಶ ಒಂದು ವರ್ಷ ಆಡಿದ. ಹಾಸ್ಟೆಲಿನ ಅಡುಗೆಯ ಗಿರಿಜಮ್ಮ, ಪ್ರಾಕ್ಟೀಸ್ ಮುಗಿಸಿ ತಡವಾಗಿ ಬರುವ ಇವನಿಗಾಗಿ ಉಪ್ಪಿಟ್ಟಿನ ಮೇಲೆ ತಟ್ಟೆ ಮುಚ್ಚಿ ಒಲೆಯ ಪಕ್ಕದಲ್ಲಿ ಇಟ್ಟಿರುತ್ತಿದ್ದಳು. ಮರುವರ್ಷ ಪೇಡದ ಊರಿನ ಕಾಲೇಜು ಒಬ್ಬನಿಗೇ ಒಂದು ಕೋಣೆ ಕೊಡುತ್ತೇವೆ ಎಂದಿತು. ಅಲ್ಲಿಗೆ ಹೋದ. ಅಲ್ಲಿ ಮಡಿವಾಳಪ್ಪ ಎಂಬ ಜವಾನ, ಇವನ ಕಾಲು ಜಾರಬಾರದೆಂದು ಬೆಳಗಿನ ಇಬ್ಬನಿಯನ್ನು ಗೋಣಿಚೀಲದಿಂದ ಅಂಕಣ ಪೂರ್ತಿ ಒರೆಸುತ್ತಿದ್ದ. ಮೂರನೆಯ ವರ್ಷ ಮೈಸೂರುಪಾಕಿನ ಊರಿನ ಕಾಲೇಜು ಕ್ಯಾಪ್ಟನ್ ಮಾಡುತ್ತೇವೆ ಎಂದಿತು. ಅಲ್ಲಿಗೂ ಹೋದ. ನೋಡಿ, ಹುಡುಗ ಊರೂರು ರುಚಿ ನೋಡಿಕೊಂಡು ಬಂದ ಹಾಗಾಯಿತು. ಎಲ್ಲಿಯೂ ಕೈ ತೊಳೆದು, ಹೋಗಿ ಬರುತ್ತೇನೆ ಎಂದು ಎದ್ದವನಲ್ಲ. ಟ್ರಂಕಿನಲ್ಲಿ ಮೂರು ಟಿ.ಸಿ. ಕೂಡಿದ್ದವು. ಮೂರರಲ್ಲಿಯೂ ‘ನಡತೆ: ಉತ್ತಮ’. ಅದನ್ನು ಗುಮಾಸ್ತರು ಎಲ್ಲರಿಗೂ ಬರೆಯುತ್ತಾರೆ, ಪಾಪ, ಅವರಿಗೇನು ಗೊತ್ತು?

ಕೊನೆಯ ವರ್ಷದ ಕೊನೆಯ ಪಂದ್ಯ. ರಾಜ್ಯದ ಕಾಲೇಜುಗಳ ಫೈನಲ್. ತಿಪ್ಪೇಶನ ತಂಡದ ಎದುರು ಯಾರು? ಕೋಟೆಯ ಊರಿನ ಕಾಲೇಜು. ಎಡಮೂಲೆಯಲ್ಲಿ ಯಾರು? ಮೂರು ವರ್ಷದಿಂದ ಅದೇ ಕಾಲೇಜಿನಲ್ಲಿದ್ದ ಓಬಯ್ಯ. ಮೊದಲ ಸಾಲಿನ ಕುರ್ಚಿಗಳಲ್ಲಿ ಆಟಗಾರರಿಗೆ ನೌಕರಿ ಕೊಡುವ ತಂಡದವರು ಕಾಗದ ಹಿಡಿದು ಕೂತಿದ್ದರು. ಒಬ್ಬ ಗಾರ್ಡ್ ಬೇಕಾಗಿದ್ದ ಅವರಿಗೆ. ತಿಪ್ಪೇಶನ ಮೂರು ವರ್ಷದ ಅಲೆದಾಟವೆಲ್ಲ ಆ ಕಾಗದದ ಮೇಲೆ ತನ್ನ ಹೆಸರು ಬರಲಿ ಎಂದೇ.

ಆಟಕ್ಕೆ ಮುಂಚೆ ಕೈ ಕುಲುಕುವಾಗ ತಿಪ್ಪೇಶ ಮುಖ ತಗ್ಗಿಸಿದ. ಓಬಯ್ಯ ಅವನ ಕಾಲು ನೋಡಿದ.

“ಶೂ ಹಳೇದಾಗ್ಯಾವಲ್ಲೋ.”

“ಇದು ಮೂರನೇ ಜೋಡಿ.”

“ಹೌದಾ. ನಂದು ಅದೇ ಜೋಡಿ,” ಅಂದ ಓಬಯ್ಯ. ಮುಯ್ಯಿ ತೀರಿಸುವ ದನಿಯಲ್ಲಲ್ಲ. ಹೊಲಿಗೆ ಹಾಕಿದ ಶೂ ತೋರಿಸಿ ನಕ್ಕೇಬಿಟ್ಟ.

ಆಟದ ಕೊನೆಗೆ ನಾಲ್ಕು ಸೆಕೆಂಡ್ ಉಳಿದಿತ್ತು. ತಿಪ್ಪೇಶನ ತಂಡ ಒಂದು ಪಾಯಿಂಟ್ ಹಿಂದೆ. ಚೆಂಡು ತಿಪ್ಪೇಶನ ಕೈಯಲ್ಲಿ. ಇಬ್ಬರು ಎದುರಾಳಿಗಳು ಅವನ ಮೇಲೆ ಮುಗಿಬಿದ್ದರು. ಎಡಕ್ಕಿಲ್ಲ, ಬಲಕ್ಕಿಲ್ಲ, ಮೇಲೆ ಎಸೆಯಲು ಎತ್ತರವಿಲ್ಲ. ಆಗ ಕಣ್ಣು ಎಲ್ಲಿಗೆ ಹೋಯಿತು? ಎಡಮೂಲೆಗೆ. ಅಲ್ಲಿ ಓಬಯ್ಯ ಎರಡೂ ಕೈ ಎತ್ತಿ ನಿಂತಿದ್ದ. ಯಾರೂ ಬಾಸ್ಕೆಟ್ ಹಾಕದಂತೆ ತಡೆಯುವವರೂ ಹಾಗೆಯೇ ಕೈ ಎತ್ತಿ ನಿಲ್ಲುವುದು. ತಿಪ್ಪೇಶನ ಕಣ್ಣು ಬನಿಯನ್ನಿನ ಬಣ್ಣ ನೋಡಲಿಲ್ಲ. ಆ ಎರಡು ಕೈ ನೋಡಿತು. ಚೆಂಡು ಹೋಯಿತು.

ಎದುರಾಳಿಗೆ ಪಾಸ್ ಕೊಟ್ಟುಬಿಟ್ಟ, ತಾಯಂದಿರೇ. ಬೀಗರ ಮನೆ ಎಂದು ಪಕ್ಕದ ಮನೆಗೆ ನುಗ್ಗಿ ಊಟಕ್ಕೆ ಕೂತ ಹಾಗೆ.

ಇನ್ನು ಓಬಯ್ಯ ಏನು ಮಾಡಬೇಕು? ಚೆಂಡು ತಬ್ಬಿಕೊಂಡು ಸುಮ್ಮನೆ ನಿಂತರೆ ಸಾಕು, ಗೆದ್ದ. ಆದರೆ ಹಿಡಿಯುವುದಕ್ಕೂ ಹಾಕುವುದಕ್ಕೂ ನಡುವೆ ಅವನಲ್ಲಿ ಯೋಚನೆ ಇಲ್ಲವಲ್ಲ. ಆ ಕೈಯಿಂದ, ಆ ಮೂಲೆಗೆ, ಎದೆಯ ಮಟ್ಟಕ್ಕೆ ಚೆಂಡು ಬಂತು. ಹಿಡಿದ, ಹಾಕಿದ. ತಾನು ಕಾಯಬೇಕಾದ ಬಳೆಯೊಳಗೇ ಹಾಕಿದ. ಚೆಂಡು ಗಾಳಿಯಲ್ಲಿರುವಾಗಲೇ ಆಟ ಮುಗಿದ ಸೈರನ್ ಆಯಿತು. ಚೆಂಡು ಬಳೆಯನ್ನು ಮುಟ್ಟದೆ ಒಳಗೆ ಇಳಿಯಿತು. ಓಬಯ್ಯನ ಬೆರಳು ನೇರ ತಿಪ್ಪೇಶನ ಕಡೆ ಎದ್ದಿತು.

ಸಾವಿರ ಜನ ಕೂತ ಒಳಾಂಗಣದಲ್ಲಿ ಫ್ಯಾನು ತಿರುಗುವ ಸದ್ದು ಕೇಳಿಸಿತು.

ಈ ಆಟದಲ್ಲಿ ಒಂದು ವಿಚಿತ್ರವಾದ ನಿಯಮವಿದೆ. ಒಬ್ಬ ಆಟಗಾರ ತನ್ನದೇ ಬಳೆಗೆ ಅರಿಯದೆ ಹಾಕಿದರೆ ಎರಡು ಪಾಯಿಂಟ್ ಎದುರಾಳಿಗೆ, ಅದೂ ಅವರ ಕ್ಯಾಪ್ಟನ್ ಹೆಸರಿಗೆ. ಬೇಕೆಂದೇ ಹಾಕಿದರೆ ಆ ಬಾಸ್ಕೆಟ್ ಲೆಕ್ಕಕ್ಕಿಲ್ಲ. ರೆಫರಿ ಗುರುಪಾದಯ್ಯನವರಿಗೆ ನಿವೃತ್ತಿಗೆ ಮೂರು ತಿಂಗಳಿತ್ತು. ಮೂವತ್ತು ವರ್ಷದಲ್ಲಿ ತೆಗೆಯದ ಪುಟವನ್ನು ಅವರು ಅಂದು ಜೇಬಿನ ಪುಸ್ತಕದಲ್ಲಿ ಹುಡುಕಿದರು.

ಓಬಯ್ಯನ ಕೋಚ್ ಓಡಿ ಬಂದ. “ಬೇಕಂತಲೇ ಹಾಕಿದಾನೆ ಸಾರ್. ಹಳೇ ದೋಸ್ತಿ. ಬೆರಳು ಬೇರೆ ತೋರ್ಸಿದ ನೋಡಿ. ಕ್ಯಾನ್ಸಲ್ ಮಾಡಿ.”

ಕೇಳಿದಿರಾ? ಗೆಲ್ಲುವುದಕ್ಕಾಗಿ ತನ್ನ ಹುಡುಗನನ್ನೇ ಮೋಸಗಾರ ಅಂದ. ಹಾಗೆಂದು ಬರೆದರೆ ಕಾಲೇಜಿಗೆ ಕಪ್ ಸಿಗುತ್ತದೆ, ಓಬಯ್ಯನಿಗೆ ಜೀವನಪೂರ್ತಿ ಕಳಂಕ. ಓಬಯ್ಯ ಎತ್ತಿದ ಬೆರಳನ್ನು ಇಳಿಸಲೂ ಮರೆತು ನಿಂತಿದ್ದ. ಅವನಿಗೆ ಮಾತು ಬರುವುದೇ ಅಷ್ಟಕ್ಕಷ್ಟೆ.

“ಕ್ಯಾಪ್ಟನ್, ನೀನು ಹೇಳು,” ಎಂದರು ಗುರುಪಾದಯ್ಯನವರು. “ಆದ್ರೆ ಒಂದು ನೆನಪಿಟ್ಕೋ. ಅರಿಯದೇ ಹಾಕಿದ ಅಂತ ನೀನಂದ್ರೆ ಲಾಭ ನಿಂಗೇ. ನಿನ್ನ ಮಾತನ್ನ ನಾನು ಹ್ಯಾಗೆ ನಂಬ್ಲಿ?”

ತಿಪ್ಪೇಶ ಮೊದಲ ಸಾಲಿನ ಕುರ್ಚಿಗಳ ಕಡೆ ನೋಡಿದ. ಕಾಗದದ ಮೇಲೆ ಪೆನ್ನು ನಿಂತಿತ್ತು.

“ಸಾರ್, ಮೊದಲು ತಪ್ಪಿದ್ದು ನಾನು. ನಾನು ಯಾವ ಕಾಲೇಜಲ್ಲಿದೀನಿ ಅಂತಲೇ ನಂಗೆ ಮರೆತುಹೋಯ್ತು. ಇವನ ಕೈ ಕಾಣ್ತು, ಕೊಟ್ಟೆ. ಪಿಯುಸಿಲಿ ಎರಡು ವರ್ಷ ನಾನು ಕೊಟ್ಟಾಗೆಲ್ಲ ಇವನು ಹಾಕ್ತಿದ್ದ, ಹಾಕಿದಾಗೆಲ್ಲ ಹಿಂಗೇ ಬೆರಳು ತೋರಿಸ್ತಿದ್ದ. ಅದು ದೋಸ್ತಿ ಅಲ್ಲ ಸಾರ್, ಅಭ್ಯಾಸ. ದೋಸ್ತಿ ನಾನು ಎಲ್ಲಿ ಉಳಿಸ್ಕೊಂಡಿದೀನಿ? ಹೇಳದೇ ಕೇಳದೇ ಬಿಟ್ಟುಹೋದೋನು ನಾನು. ಆ ಪಾಯಿಂಟ್ ನಮಗೆ ಬೇಡ. ತೆಗೆದುಬಿಡಿ. ಆದ್ರೆ ಅವನು ಬೇಕಂತ ಹಾಕಿದ ಅಂತ ಮಾತ್ರ ಬರೀಬೇಡಿ.”

ತಿಪ್ಪೇಶನ ಕೋಚ್ ತಲೆಯ ಮೇಲೆ ಕೈ ಹೊತ್ತು ಬೆಂಚಿನ ಮೇಲೆ ಕೂತುಬಿಟ್ಟ.

ಗುರುಪಾದಯ್ಯನವರು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿಕೊಂಡರು. “ಹಂಗೆಲ್ಲ ಪುಸ್ತಕದಲ್ಲಿ ಇಲ್ಲಪ್ಪ. ಬೇಕಂತ ಹಾಕಿಲ್ಲ ಅಂದ್ರೆ ಪಾಯಿಂಟ್ ಬಂದೇ ಬರ್ತದೆ. ನೀ ಬೇಡ ಅಂದ್ರೂ ಬಿಡಲ್ಲ ಅದು. ಬೇಡ ಅಂದಿಯಲ್ಲ, ಅದಕ್ಕೇ ನಿನ್ನ ಮಾತು ನಂಬಿದೆ.” ಸೀಟಿ ಊದಿದರು. ಎರಡು ಪಾಯಿಂಟ್ ತಿಪ್ಪೇಶನ ಹೆಸರಿಗೆ ಬಂತು. ಒಂದು ಪಾಯಿಂಟಿನಿಂದ ಗೆದ್ದರು.

ಎಲ್ಲರೂ ಅವನನ್ನು ಎತ್ತಿಕೊಳ್ಳಲು ಬಂದರು. ಅವನು ಅವರ ಕೈಯಿಂದ ನುಣುಚಿಕೊಂಡ. ಗಾರ್ಡ್ ಅಲ್ಲವೇ, ಅದು ಚೆನ್ನಾಗಿ ಬರುತ್ತಿತ್ತು. ಅಂಕಣದ ನಡುವೆ ನಿಂತು ಓಬಯ್ಯನ ಕಡೆ ಬೆರಳು ಎತ್ತಿದ. ಐದು ವರ್ಷದಲ್ಲಿ ಮೊದಲ ಸಲ. ಬೆರಳು ಸ್ವಲ್ಪ ಡೊಂಕಾಗಿತ್ತು. ಅಭ್ಯಾಸವಿರಲಿಲ್ಲ, ಪಾಪ.

ನೌಕರಿ? ಎದುರಾಳಿಗೆ ಪಾಸ್ ಕೊಡುವ ಗಾರ್ಡ್‌ನನ್ನು ಯಾರು ಆರಿಸುತ್ತಾರೆ? ಆರಿಸಲಿಲ್ಲ. ದೃಷ್ಟಾಂತವೆಂದ ಮಾತ್ರಕ್ಕೆ ಸುಳ್ಳು ಹೇಳಬಾರದು. ಮುಂದೆ ಅವನು ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾದ, ಬೆರಳಿನ ಕಟ್ಟಳೆ ಅಲ್ಲಿಯೂ ಇದೆ. ಗಿರಿಜಮ್ಮನನ್ನೂ ಮಡಿವಾಳಪ್ಪನನ್ನೂ ಹುಡುಕಿಕೊಂಡು ಹೋದ. ಮಡಿವಾಳಪ್ಪ ಸಿಕ್ಕ. ಗಿರಿಜಮ್ಮ ಯಾವ ಊರಿಗೆ ಹೋದಳೋ, ಯಾರಿಗೂ ಗೊತ್ತಿರಲಿಲ್ಲ. ಇವನಿಗೆ ಅವಳ ಊರಿನ ಹೆಸರು ಕೇಳಲೂ ಎಂದೂ ಪುರುಸೊತ್ತಾಗಿರಲಿಲ್ಲವಲ್ಲ.

ಪಂದ್ಯದ ದಿನ ಸಂಜೆ ಇಬ್ಬರೂ ಹೊರಗಿನ ಅಂಗಡಿಯಲ್ಲಿ ಚಹಾ ಕುಡಿದರು. ತಿಪ್ಪೇಶ, “ಆವತ್ತು ನೀನು ಎಷ್ಟೊತ್ತು ಕಾದೆ?” ಎಂದು ಕೇಳಿದ.

“ಕಿಟಕಿ ಮುಚ್ಚೋವರೆಗೂ,” ಅಂದ ಓಬಯ್ಯ. “ನಿನ್ನ ಅರ್ಜಿ ಇನ್ನೂ ನನ್ನ ಟ್ರಂಕಲ್ಲೇ ಐತೆ ಕಣಲೇ. ಸಹಿ ಒಂದು ಹಾಕಿದ್ರೆ ಸಾಕು. ಕೊನೇ ತಾರೀಕು ಮಾತ್ರ ಮುಗಿದು ಹೋಗೈತೆ.”

ಕಥೆ ಇಷ್ಟೇ. ಈಗ ನಿಮ್ಮ ಕಡೆ ತಿರುಗುತ್ತೇನೆ, ತಪ್ಪಿಸಿಕೊಳ್ಳಬೇಡಿ. ನಾವೂ ಊರು ಬಿಟ್ಟು ಊರು, ಕೆಲಸ ಬಿಟ್ಟು ಕೆಲಸ, ತವರು ಬಿಟ್ಟು ಅತ್ತೆಮನೆ ದಾಟಿ ಬಂದವರೇ. ದಾರಿಯಲ್ಲಿ ಎಷ್ಟು ಜನ ಪಕ್ಕೆಗೆ ಗುದ್ದು ತಿಂದು ನಮಗೆ ಜಾಗ ಮಾಡಿಕೊಟ್ಟರು? ಅವರಿಗೆ ನಾವು ಬೆರಳು ತೋರಿಸಿದ್ದು ಯಾವಾಗ? ಸಾರಿಗೆ ಉಪ್ಪು ಕಡಿಮೆಯಾದಾಗ. ಅದು ಬಿಟ್ಟು ಯಾವಾಗ? ನೀವು ಕೂತ ಈ ಜಮಖಾನೆ ತಾನಾಗಿ ಹಾಸಿಕೊಂಡಿತೇ? ಬಾಗಿಲ ಬಳಿ ನಿಮ್ಮ ಚಪ್ಪಲಿಗಳು ಜೋಡಿ ಜೋಡಿಯಾಗಿ ಯಾಕಿವೆ, ನೀವು ಬಿಟ್ಟದ್ದು ಹಾಗೆಯೇ?

ಇಂದು ಮನೆಗೆ ಹೋದಮೇಲೆ ಒಂದು ಕೆಲಸ ಮಾಡಿ. ಊಟಕ್ಕೆ ಕೂತಾಗ ಮೊದಲ ತುತ್ತಿಗೆ ಮುಂಚೆ, ಅಡುಗೆ ಮಾಡಿದವರ ಹೆಸರು ಹಿಡಿದು, “ಇದು ನೀನು ಮಾಡಿದ್ದು, ಅದಕ್ಕೇ ನಾನು ಉಣ್ಣುತ್ತಿದ್ದೇನೆ” ಎನ್ನಿ. ಅವರು ನಿಮ್ಮ ಹಣೆ ಮುಟ್ಟಿ ಜ್ವರ ನೋಡುತ್ತಾರೆ, ನೋಡಲಿ. ನಾಳೆ ಬೆಳಿಗ್ಗೆ ಹಾಲಿನವನ, ಬೀದಿ ಗುಡಿಸುವವಳ ಹೆಸರು ಕೇಳಿ. ಎಷ್ಟು ವರ್ಷವಾಯಿತು, ಇನ್ನೂ ‘ಏನಮ್ಮ, ಏನಪ್ಪ’ ಎಂದೇ ಕರೆಯುತ್ತಿದ್ದೀರಿ. ಬೆರಳು ಎತ್ತಲು ನಾಚಿಕೆಯಾದರೆ ಬೇಡ, ಬಾಯಿಂದ ಹೇಳಿ.

ಆದರೆ ಆಮೇಲೆ ನೋಡೋಣ ಎನ್ನಬೇಡಿ. ನಿಮ್ಮ ಅರ್ಜಿಯನ್ನೂ ತುಂಬಿ ಕೈಯಲ್ಲಿ ಹಿಡಿದುಕೊಂಡು ಯಾರೋ ಒಬ್ಬರು ಸರತಿಯಲ್ಲಿ ಕಾಯುತ್ತಿದ್ದಾರೆ. ಯಾರೆಂದು ನಿಮಗೆ ಗೊತ್ತು, ನನಗಲ್ಲ. ಕಿಟಕಿ ಇನ್ನೂ ತೆರೆದಿದೆ. ಹೋಗಿ.