ಪ್ರಜ್ಞಾ ಮೇಡಂ ಲ್ಯಾಬಿನಲ್ಲಿ ಇಲ್ಲದ ರೋಗಾಣು

ಎಲ್ಲರಿಗೂ ನಮಸ್ಕಾರ್ರಿ. ಮುದ್ದಣ್ಣನವರೇ, ಕುಸುಮಾವತಿ ತಾಯಿಯವರೇ, ರಾಕೇಶ ಅವರೇ, ನಾಶಿಕ್ ಕನ್ನಡ ಸಂಘದ ಹಿರಿಯರೇ, ಹೋಟೆಲ್ ಬಂದ್ ಮಾಡಿ, ಡ್ಯೂಟಿ ಬಿಟ್ಟು ಬಂದ ಬಂಧುಗಳೇ —

ನನ್ನ ಹೆಸರು ಸಂಗಮನಾಥ. ಕಲಬುರಗಿ ಕಡಿಯವ. ಸಂಭಾಜಿನಗರದ, ಅಂದ್ರ ಹಳೇ ಔರಂಗಾಬಾದದ ವಿಶ್ವವಿದ್ಯಾಲಯದಾಗ ಪ್ರಜ್ಞಾ ಮೇಡಂ ಇದ್ದ ವಿಭಾಗದಾಗೇ ನಾನೂ ಪಾಠ ಮಾಡ್ತೀನಿ. ಅವರ ಕೋಣಿ, ನನ್ನ ಕೋಣಿ ಅಗದೀ ಬಾಜೂ ಬಾಜೂ. ಇಡೀ ವಿಭಾಗದಾಗ ಕನ್ನಡ ಮಾತಾಡೋರು ನಾವಿಬ್ಬರೇ. ನಾ "ಏನ್ರಿ ಮೇಡಂ" ಅಂದ್ರ ಅವರು "ಎಂತ ಸರ್" ಅನ್ನೋರು. ಅದನ್ನ ಕೇಳಿದ ಮರಾಠಿ ಮಂದಿ, ನೀವಿಬ್ಬರೂ ಮಾತಾಡೋದು ಖರೇನೇ ಒಂದೇ ಭಾಷಾ ಏನು ಅಂತ ಕೇಳೋರು.

ಈಗ ಅಲ್ಲಿ ನಾನೊಬ್ಬನೇ ಇದ್ದೀನಿ.

ಇವತ್ತು ನಾನು ಅವರನ್ನ ಹೊಗಳಲಿಕ್ಕ ನಿಂತಿಲ್ಲ. ಅವರಿಗೆ ಏನಾಯ್ತು ಅನ್ನೋದು ಹೇಳಲಿಕ್ಕ ನಿಂತೀನಿ. ಯಾಕಂದ್ರ ಈ ಊರಾಗ ಬ್ಯಾರೆ ಒಂದು ಸುದ್ದಿ ಹಬ್ಬ್ಯದ. ಪ್ರಜ್ಞಾ ಟಿಬಿ ಆಗಿ ಹೋದ್ರು ಅಂತ. — ಇಲ್ಲ. ಅವರಿಗೆ ಟಿಬಿ ಇರಲಿಲ್ಲ.

ಮೊದಲು ಅವರ ಕೆಲಸ ಏನಿತ್ತು ಅಂತ ಹೇಳ್ತೀನಿ. ಟಿಬಿ ತರೋ ರೋಗಾಣು ಇರ್ತದಲ್ರಿ, ಅದರ ಸುತ್ತ ಮೇಣದಂಥ ಒಂದು ಗೋಡಿ ಇರ್ತದ. ಆ ಗೋಡಿ ಕಟ್ಟೋವು ಅದರೊಳಗಿನ ಕಿಣ್ವಗಳು, ನಾವು ಎನ್‌ಜೈಮ್ ಅಂತೀವಿ. ನಮ್ಮ ಮೈಯಾಗ ಅಂಥಾ ಗೋಡಿನೂ ಇಲ್ಲ, ಅದನ್ನ ಕಟ್ಟೋ ಕಿಣ್ವನೂ ಇಲ್ಲ. ಹಂಗಾಗಿ ಆ ಕಿಣ್ವದ ಕೆಲಸ ನಿಲ್ಲಿಸಿದ್ರ ರೋಗಾಣು ಸಾಯಬೇಕು, ಮನುಷ್ಯಾ ಉಳೀಬೇಕು. ಅಂಥಾ ಒಂದು ಕಿಣ್ವದ ಮುಂದ ಪ್ರಜ್ಞಾ ಮೇಡಂ ತಮ್ಮ ವಯಸ್ಸೆಲ್ಲಾ ಕೂತ್ರು. ಯಾಕ ಇದೇ ವಿಷಯ ತಗೊಂಡ್ರಿ ಅಂತ ಒಮ್ಮೆ ಕೇಳಿದ್ದೆ. "ಕಥೆ ಎಂತದ್ದೂ ಇಲ್ಲ ಸರ್. ಗೈಡ್ ಕೊಟ್ರು, ನಾನು ತಗೊಂಡೆ. ಆಮೇಲೆ ಬಿಡ್ಲಿಕ್ಕೆ ಮನಸ್ಸು ಬರ್ಲಿಲ್ಲ," ಅಂದ್ರು.

ಇನ್ನೊಂದು ಮಾತು, ಇದನ್ನ ಗಮನ ಇಟ್ಟು ಕೇಳ್ರಿ. ಅವರ ಲ್ಯಾಬಿನಾಗ ಟಿಬಿ ರೋಗಾಣು ಇರಲೇ ಇಲ್ಲ. ಒಂದು ದಿನವೂ ಇರಲಿಲ್ಲ. ಬ್ಯಾರೆ ಯಾವುದೋ ನಿರುಪದ್ರವಿ ಬ್ಯಾಕ್ಟೀರಿಯಾದ ಕೈಲಿ ಆ ಕಿಣ್ವ ಒಂದನ್ನೇ ತಯಾರು ಮಾಡಿಸಿ, ಸೋಸಿ, ತಣ್ಣಗಿಟ್ಟು ಅದರ ಮ್ಯಾಲ ಪ್ರಯೋಗ ಮಾಡ್ತಿದ್ರು. ಅವರೇ ಹೇಳ್ತಿದ್ರು, "ನಮ್ಮ ಅಪ್ಪನ ಹೋಟೆಲಿನ ಅಡಿಗೆ ಭಟ್ಟರ ಸೌಟು ಮಾತ್ರ ತಂದಿದ್ದೇನೆ ಸರ್, ಭಟ್ಟರು ಬರ್ಲಿಲ್ಲ" ಅಂತ. ಜೀವಂತ ರೋಗಾಣು ಮುಟ್ಟಬೇಕಂದ್ರ ಅದಕ್ಕ ಭದ್ರ ಮಾಡಿದ ಬ್ಯಾರೆ ಪ್ರಯೋಗಶಾಲಾ ಬೇಕು. ಅದು ಇದ್ದದ್ದು ಬ್ಯಾರೆ ಊರಾಗ.

ಆದ್ರ ಕೇಳೋರು ಯಾರು?

ಕೆಲವು ವರ್ಷದ ಹಿಂದ ಒಂದು ಮರಾಠಿ ಪೇಪರಿನಾಗ ಮೇಡಂ ಫೋಟೋ ಬಂತು. ನಾಶಿಕದ ಮಗಳು ಟಿಬಿ ರೋಗಾಣು ಜೋಡಿ ಹೋರಾಡ್ತಾಳ ಅಂತ ದೊಡ್ಡ ಅಕ್ಷರದಾಗ ಬರೆದಿದ್ರು. ಮುದ್ದಣ್ಣನವರು ಅದಕ್ಕ ಕಟ್ಟು ಹಾಕಿಸಿ ಹೋಟೆಲಿನ ಗಲ್ಲಾ ಮ್ಯಾಲ ತೂಗು ಹಾಕಿದ್ರು. ಬಂದ ಗಿರಾಕಿಗಳಿಗೆಲ್ಲ ಬೆರಳು ಮಾಡಿ ತೋರಿಸಿದ್ರು — ನನ್ನ ಮಗಳು, ನನ್ನ ಮಗಳು ಅಂತ. ಆಮ್ಯಾಲ ದಿನಾ ನಾಷ್ಟಾಕ್ಕ ಬರೋ ಒಬ್ಬರು, ಈ ಹುಡುಗಿ ಇಲ್ಲಿಗೆ ಬಂದು ಹೋಗ್ತಾಳೇನು ಅಂತ ಕೇಳಿದ್ರು. ಮರುದಿನ ಅವರು ಬರಲಿಲ್ಲ. ಅವರ ಜೋಡಿ ಬರೋರೂ ಬರಲಿಲ್ಲ. ಫೋಟೋ ಕೆಳಗ ಇಳೀತು.

ಮೇಡಂಗೆ ಹೋಟೆಲಂದ್ರ ಭಾಳ ಪ್ರೀತಿ ಇತ್ತು. ಸಣ್ಣವರಿದ್ದಾಗಿಂದ ರಜಾದಿನ ಅಪ್ಪನ ಬಾಜೂಕ ಗಲ್ಲಾದಾಗ ಕೂಡೋ ರೂಢಿ. ಫೋಟೋ ಇಳಿದ ಮ್ಯಾಲ ಮನಿಯವರು, ಸ್ವಲ್ಪ ದಿವಸ ಹಿಂದಿನ ಮೆಟ್ಟಿಲಿನಿಂದ ಮ್ಯಾಲಿನ ಮನಿಗೆ ಬಾ ಅಂದ್ರು. ಆಮ್ಯಾಲ ಹಬ್ಬಕ್ಕ ಬಂದ್ರ ಸಾಕು ಅಂದ್ರು. ಮೇಡಂ ಹಂಗೇ ಮಾಡಿದ್ರು. ಮದುವಿ ಮಾತೂ ಬಂದಿತ್ತು. ಗಂಡಿನ ಕಡಿಯವರು ಎದಿ ಎಕ್ಸ್‌ರೇ ಕೇಳಿದ್ರು. ಇವರು ತೆಗೆಸಿ ಕೊಟ್ರು. ಅದು ಸ್ವಚ್ಛ ಇತ್ತು. ಆದ್ರೂ ಅವರು ಬ್ಯಾಡ ಅಂದ್ರು. ಇದನ್ನ ನನಗ ನಕ್ಕೋತ ಹೇಳಿದ್ರು. ನನಗ ನಗು ಬರಲಿಲ್ಲ.

ಅವತ್ತಿನಿಂದ ರವಿವಾರನೂ ಅವರು ಲ್ಯಾಬಿನಾಗೇ ಇರೋರು. ಕ್ಯಾಂಟೀನ್ ಬಂದ್ ಇರ್ತಿತ್ತು. ಬಾಟಲಿ ಅಲ್ಲಾಡಿಸೋ ಮಷೀನ್ ಸಪ್ಪಳ ಒಂದು ಬಿಟ್ರ ಇಡೀ ಕಟ್ಟಡದಾಗ ಮತ್ತೊಂದು ಸಪ್ಪಳ ಇರ್ತಿರಲಿಲ್ಲ. ವಿದ್ಯಾರ್ಥಿಗಳು ಬರೋರು, ಕಲಿಯೋರು, ಸಿನ್ನರ್ ಕಡೆ ಫ್ಯಾಕ್ಟರಿಯಾಗ ನೌಕರಿ ಸಿಕ್ಕ ಕೂಡಲೇ ಹೋಗೋರು. ಇವರು ಉಳಿಯೋರು.

ಒಂದು ದೀಪಾವಳಿ ರಜೆಯಾಗ ನನ್ನ ಕೋಣಿ ಬಾಗಿಲಿಗೆ ಬಂದು ನಿಂತ್ರು. ಕೈಯಾಗ ಇನ್ನೂ ಗ್ಲೌಸ್ ಇತ್ತು. "ನಿಂತಿತು ಸರ್," ಅಂದ್ರು. ಏನು ನಿಂತಿತು ಅಂತ ನನಗ ತಿಳಿಯಲಿಲ್ಲ. ಕಿಣ್ವದ ಕೆಲಸ ನಿಂತಿತ್ತು. ಇವರೇ ತಯಾರಿಸಿದ ಒಂದು ಸಣ್ಣ ರಾಸಾಯನಿಕ ಹೋಗಿ ಆ ಕಿಣ್ವದಾಗ ಸಿಕ್ಕೊಂಡು ಅದರ ಕೆಲಸ ನಿಲ್ಲಿಸಿತ್ತು. ಯಾರಿಗರೆ ಹೇಳಬೇಕಂದ್ರ ಇಡೀ ವಿಭಾಗದಾಗ ನಾನೊಬ್ಬನೇ ಸಿಕ್ಕಿದ್ದು. ನನ್ನದು ಸಸ್ಯಗಳ ವಿಷಯ, ಪೂರಾ ತಿಳಿಯಂಗಿಲ್ಲ. ಆದ್ರೂ ಕೂಡ್ರಿಸಿ ಎಲ್ಲಾ ಹೇಳಿದ್ರು. ಆ ದಿನ ಅವರ ಮುಖ ನೀವು ನೋಡಬೇಕಿತ್ತು.

ಆ ರಾಸಾಯನಿಕ ಬ್ಯಾರೆ ಊರಿನ ಪ್ರಯೋಗಶಾಲಾಕ್ಕ ಹೋತು. ಅಲ್ಲಿ ಜೀವಂತ ರೋಗಾಣು ಮ್ಯಾಲ ಹಾಕಿ ನೋಡಿದ್ರು. ರೋಗಾಣು ಸಾಯಲಿಲ್ಲ. ಕಿಣ್ವದ ತನಕ ಮದ್ದು ಮುಟ್ಟಲೇ ಇಲ್ಲ, ಆ ಮೇಣದ ಗೋಡಿ ದಾಟಲಿಕ್ಕ ಅದಕ್ಕ ಆಗಲಿಲ್ಲ. ಮೇಡಂ ಅದನ್ನ ಬದಲಿಸಿದ್ರು, ಮತ್ತ ಕಳಿಸಿದ್ರು. ಮತ್ತ ಬದಲಿಸಿದ್ರು. ವರ್ಷಾನುಗಟ್ಟಲೆ ಹಿಂಗೇ ನಡೀತು. ಕಡೀಕ ಈ ದಾರಿಯಿಂದ ಆಗೂದಿಲ್ಲ ಅಂತ ತಾವೇ ಪ್ರಬಂಧ ಬರೆದು ಪ್ರಕಟ ಮಾಡಿದ್ರು. ಮತ್ತೊಬ್ಬರು ಇದೇ ದಾರಿಯಾಗ ಹೋಗಿ ವರ್ಷ ಕಳಕೊಳ್ಳಬಾರದು ಅನ್ನೋದು ಅವರ ವಿಚಾರ. ಹೌದ್ರಿ, ಅವರ ಕೆಲಸದಿಂದ ಹುಟ್ಟಿದ ಮಾತ್ರೆ ಒಂದೂ ಇಲ್ಲ. ಇಲ್ಲದ್ದನ್ನ ಅದ ಅಂತ ನಾನು ಹೇಳಿದ್ರ ಅವರಿಗೇ ಸೇರ್ತಿರಲಿಲ್ಲ.

ಇನ್ನು ಮುಂದಿನ ಮಾತು. — ಇದನ್ನ ಹೇಳ್ರಿ ಅಂತ ಮುದ್ದಣ್ಣನವರೇ ನನಗ ಹೇಳ್ಯಾರ. ಅವರ ಎದುರಿಗೇ ಹೇಳ್ತೀನಿ.

ಹ್ವಾದ ವರ್ಷ ಮುದ್ದಣ್ಣನವರಿಗೆ ಕೆಮ್ಮು ಹಿಡೀತು. ಸಂಜಿಗೆ ಜ್ವರ, ಮೈ ಇಳೀತು. ಪರೀಕ್ಷಾ ಮಾಡಿಸಿದ್ರು. ಟಿಬಿ ಇತ್ತು. ಎಲ್ಲಿಂದ ಬಂತು ಗೊತ್ತಿಲ್ಲ. ಬಸ್ಸಿನಾಗ, ಬಜಾರದಾಗ, ಕೆಮ್ಮೋರ ಬಾಜೂಕ ಕೂತಲ್ಲಿ ಗಾಳಿಯಿಂದ ಬರೋ ರೋಗ ಅದು. ಮಗಳಿಂದ ಬಂದಿಲ್ಲ, ಬರಲಿಕ್ಕ ಸಾಧ್ಯನೇ ಇಲ್ಲ.

ಯಜಮಾನರು ಊರಿಗೆ ಹೋಗ್ಯಾರ ಅಂತ ಮನಿಯವರು ನಿಮಗೆಲ್ಲ ಹೇಳಿದ್ರು. ಅವರು ಊರಿಗೆ ಹೋಗಿರಲಿಲ್ಲ. ಹೋಟೆಲಿನ ಮ್ಯಾಲಿನ ಕೋಣಿಯಾಗೇ ಇದ್ರು. ಮಗಳಿಗೆ ಫೋನ್ ಮಾಡಿ, ಬರಬ್ಯಾಡ ಅಂದ್ರಂತ. ಮೇಡಂ ಅದೇ ದಿನ ಬಂದ್ರು. ಆಮ್ಯಾಲ ಪ್ರತಿ ಶನಿವಾರ ಬಂದ್ರು. ದಾರಿ ನಡುವ ವೈಜಾಪುರದಾಗ ಬಸ್ ನಿಂತಾಗ ನನಗ ಫೋನ್ ಬರ್ತಿತ್ತು, "ಕರೆಂಟ್ ಉಂಟಾ ಸರ್? ಫ್ರಿಜ್ ಒಮ್ಮೆ ನೋಡಿ" ಅಂತ. ಕಿಣ್ವ ಬೆಚ್ಚಗಾದ್ರ ಕೆಡ್ತದಲ್ಲ.

ಆ ಕೋಣಿಯಾಗ ಅಪ್ಪ ಮಗಳು ಇಬ್ಬರೇ. ಮಾಸ್ಕ್ ಹಾಕ್ಕೊಂಡು, ಕಿಟಕಿ ತೆಗೆದಿಟ್ಟು, ಮೇಡಂ ತಾವೇ ನಿಂತು ಗುಳಿಗಿ ನುಂಗಿಸೋರು. ಒಂದು ದಿನ ಮುದ್ದಣ್ಣನವರು ಅಂಗೈಯಾಗಿನ ಗುಳಿಗಿ ನೋಡ್ಕೋತ ಕೇಳಿದ್ರಂತ. ಅವರು ಮಾತಾಡಿದ್ದು ತುಳುವಿನಾಗ. ಮೇಡಂ ನನಗ ಕನ್ನಡದಾಗ ಹೇಳಿದ್ದನ್ನ ನಾನು ಹೇಳ್ತೀನಿ.

"ನೀನು ಮಾಡುವುದು ಇಂಥದ್ದೇಯಾ?"

"ಇದು ಆ ರೋಗಾಣುವಿನ ಒಂದು ಕಿಣ್ವವನ್ನು ನಿಲ್ಲಿಸ್ತದೆ ಅಪ್ಪ. ಇದು ನಾಟದವರೂ ಇದ್ದಾರೆ. ಅವರಿಗೆ ಬೇರೆ ಬೇಕು. ಅದನ್ನು ಹುಡುಕ್ತಾ ಇದ್ದೆ."

"ಸಿಕ್ಕಿತಾ?"

"ಇಲ್ಲ."

ಅಷ್ಟು ವರ್ಷದಾಗ ಮನಿಯವರು ಯಾರರೆ ಅವರ ಕೆಲಸದ ಬಗ್ಗೆ ಕೇಳಿದ್ದು ಅದೇ ಮೊದಲಂತ. ಮುದ್ದಣ್ಣನವರು ಗುಳಿಗಿ ನುಂಗಿ, ನಾಳೆ ಹೋಗಬೇಡ, ಒಂದು ದಿನ ಇರು ಅಂದ್ರಂತ. ನನಗ ಫೋನ್ ಬಂತು. "ಸೋಮವಾರ ಬರುವುದಿಲ್ಲ ಸರ್. ಅಪ್ಪ ಇರು ಅಂದ್ರು." ಅವರು ರಜಾ ತಗೊಂಡದ್ದು ನಾನು ನೋಡಿದ್ದು ಅದೊಂದೇ ಸಲ.

ಪೂರಾ ಕೋರ್ಸ್ ಮುಗೀತು. ಮುದ್ದಣ್ಣನವರು ಈಗ ಆರಾಮಾಗ್ಯಾರ. ಅವರಿಂದ ಯಾರಿಗೂ ಏನೂ ಬರೂದಿಲ್ಲ. ಇದು ಡಾಕ್ಟರ ಮಾತು.

ಅದಾದ ಮ್ಯಾಲ ಒಂದು ಮುಂಜಾನೆ ಮೇಡಂ ವಿಭಾಗಕ್ಕ ಬರಲಿಲ್ಲ. ಫೋನ್ ಎತ್ತಲಿಲ್ಲ. ನಾನು ಅವರ ಬಾಡಿಗಿ ಕೋಣಿಗೆ ಹೋದೆ. ಬಾಗಿಲಾ ಒಳಗಿಂದ ಹಾಕಿತ್ತು. — ಮೆದುಳಿನಾಗ ರಕ್ತನಾಳ ಒಡೆದಿತ್ತು ಅಂತ ಡಾಕ್ಟರು ಹೇಳಿದ್ರು. ನಿದ್ದಿಯಾಗೇ ಹೋಗ್ಯಾರ ಅಂದ್ರು. ಮನಿ ಮಾಲಕರು, ಇವರ ಕಡೆ ಬಂದವರು ನೀವೇ ಮೊದಲಿಗರು ಅಂತ ನನಗ ಹೇಳಿದ್ರು. ಆ ಮಾತು ಇನ್ನೂ ನನ್ನ ಕಿವಿಯಾಗ ಅದ.

ದೇಹ ತಗೊಂಡು ನಾಶಿಕಕ್ಕ ಬಂದ್ವಿ. ಹೋಟೆಲಿನ ಮುಂದ ಆಂಬುಲೆನ್ಸ್ ನಿಂತಾಗ ಮಂದಿ ರಸ್ತೆ ಆಚೆ ಕಡೆ ಇದ್ರು. ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ರು. ಈಚೆ ಕಡೆ ಮೇಡಂ ತಮ್ಮ ರಾಕೇಶ, ಆಂಬುಲೆನ್ಸ್ ಡ್ರೈವರ್, ನಾನು. ಎತ್ತಲಿಕ್ಕ ಇನ್ನೊಬ್ಬರು ಬೇಕಿತ್ತು. ಯಾರೂ ದಾಟಿ ಬರಲಿಲ್ಲ. ಆವಾಗ ಮುದ್ದಣ್ಣನವರು ಬಂದು ರಸ್ತೆ ನಡುವ ನಿಂತ್ರು.

"ಅವಳಿಗೆ ಕಾಯಿಲೆ ಇರ್ಲಿಲ್ಲ. ಕಾಯಿಲೆ ಇದ್ದದ್ದು ನನಗೆ," ಅಂದ್ರು.

ಅಷ್ಟೇ ಅಂದು, ತಾವೇ ಬಂದು ನಾಲ್ಕನೇ ಮೂಲಿ ಹಿಡಿದ್ರು. ದಾಟಿ ಬಂದವರು ಕೆಲವರು. ಹಂಗೇ ಹೊಳ್ಳಿ ಹೋದವರೂ ಇದ್ರು. ಯಾರು ಅಂತ ನಾನು ನೋಡಿಲ್ಲ. ನನ್ನ ಕಣ್ಣಿಗೆ ಕಾಣ್ತಿರಲಿಲ್ಲ.

ಈ ಮಾತು ಮೈಕಿನಾಗ ಹೇಳಿದ್ರ ನಾಳೆ ಹೋಟೆಲಿಗೆ ಯಾರು ಬರ್ತಾರ ಅಂತ ಮನಿಯಾಗ ಚರ್ಚಾ ಆಗ್ಯದ. ಬರದಿದ್ರ ಬರೂದು ಬ್ಯಾಡ ಅಂತ ಮುದ್ದಣ್ಣನವರು ಅಂದಾರ.

ಬಂಧುಗಳೇ, ನಾನು ಇಲ್ಲಿ ನಿಂತಾಗಿನಿಂದ ಒಂದು ನೋಡ್ಲಿಕ್ಕತ್ತೀನಿ. ಮನಿಯವರು ಮೂರು ಮಂದಿ ಮುಂದ ಕೂತಾರ. ಅವರ ಹಿಂದಿನ ಎರಡು ಸಾಲು ಕುರ್ಚಿ ಖಾಲಿ ಅವ. ಹಿಂದ ಗೋಡಿಗೆ ಅಂಟಿಕೊಂಡು ಮಂದಿ ನಿಂತಾರ.

ಈಗ ಮೌನ ಆಚರಿಸೋದದ. ಕೂತವರು ಏಳ್ರಿ. ನಿಂತವರು, ನೀವು ನಿಂತಲ್ಲೇ ನಿಲ್ಲಬ್ಯಾಡ್ರಿ, ಮುಂದ ಬರ್ರಿ. ತಾಯಿಯವರ ಬಾಜೂಕ, ಮುದ್ದಣ್ಣನವರ ಭುಜಕ್ಕ ಭುಜ ಹಚ್ಚಿ ನಿಲ್ರಿ. ಎಲ್ಲರೂ ಬರೋ ತನಕ ನಾನು ಕಾಯ್ತೀನಿ.

— ಬರ್ರಿ.

— ಇನ್ನೂ ಜಾಗಾ ಅದ, ಬರ್ರಿ.

ಈಗ ಸುಮ್ಮನಾಗೋಣ.