ನಮ್ಮಿಬ್ಬರ ನಡುವಿನ ಚೌಕ

...ಬೇಡ ಅಂದೆನಾ ನಾನು? ಹರಡಿಕೋ. ಆ ಕತ್ತರಿ ಸರಿಸು, ಬಟ್ಟೆ ಮುದುಡದ ಹಾಗೆ ನೋಡ್ಕೋ. ಶಾಲೆಯವರ ಹನ್ನೆರಡು ಲಂಗಕ್ಕೆ ಅಂಚು ಮಡಿಸಬೇಕು, ಸಂಜೆಗೆ ಬರ್ತಾರೆ. ನೀನು ಹೇಳ್ತಾ ಹೋಗು, ನಾನು ಹೊಲೀತಾ ಕೇಳ್ತೀನಿ.

ಅಬ್ಬಾ, ಹಳೇ ಕ್ಯಾಲೆಂಡರಿನ ಹಿಂಬದೀಲಿ ವಂಶವೃಕ್ಷ! ದುಡ್ಡಿದ್ದೋರು ಇದಕ್ಕೆಲ್ಲ ಆಳಿಟ್ಟು ಹುಡುಕಿಸ್ತಾರಂತೆ. ನಮ್ಮ ತಂಗಿಗೆ ಖರ್ಚು ಅಂದ್ರೆ ಒಂದು ಪೆನ್ಸಿಲ್ಲು, ಒಂದು ರಬ್ಬರು. ಮದುವೆ ಕಾಗದದಲ್ಲಿರೋ ಹೆಸರು, ಫೋಟೋ ಹಿಂದಿರೋ ತಾರೀಖು, ಚಿಕ್ಕಪ್ಪನ ಬಾಯಿಂದ ಬಿಟ್ಟಿ ಪುರಾಣ... ನಗಬೇಡ, ಹೊಗಳ್ತಾ ಇಲ್ಲ ನಾನು.

ಇದು ಅಜ್ಜ. ಇದು ಅಪ್ಪ, ಅಮ್ಮ. ಇದು ನಾನು, ಈ ಕೊನೇದು ನೀನು. ನಡುವೆ ಇದ್ಯಾವುದು? ಖಾಲಿ ಚೌಕ ಯಾಕೆ ಬರೆದಿದ್ದೀಯ?

ಎಲ್ಲಿಗೆ ಹೋಗಿದ್ದೆ?

ಸ್ಮಶಾನಕ್ಕಾ. ಹೂಳಿದೋರ ಹೆಸರು ಬರೆದಿಡೋ ಕಾವಲುಗಾರನ ಪುಸ್ತಕ ನೋಡೋಕೆ ಕಾಸು ಕೊಡಬೇಕಾಗಿಲ್ಲ ಅಂತ ಅಲ್ಲಿಗೂ ಹೋದೆಯಾ. ಅಲ್ಲೇ ಕೂತು ಸಾಲು ಸಾಲು ಬರ್ಕೊಂಡೂ ಬಂದಿದ್ದೀಯ. ನನ್ನ ಕನ್ನಡಕ ಎಲ್ಲೋ ಬಟ್ಟೆ ಅಡಿ ಸೇರ್ಕೊಂಡಿದೆ. ನೀನೇ ಓದು.

ಹೂಂ, ಅಪ್ಪನ ಹೆಸರು. ಹೂಂ. ವಯಸ್ಸು ಒಂದೂವರೆ. ಮಗುವಿನ ಹೆಸರು...

ಹೌದು ಕಣೇ, ನಿನ್ನ ಹೆಸರೇ. ಹಾಗ್ಯಾಕೆ ನೋಡ್ತೀಯ? ಸತ್ತಿರೋದು ನೀನಲ್ಲ. ನಿನಗಿಂತ ಮುಂಚೆ ಒಬ್ಬಳಿದ್ದಳು. ಅವಳು ಹೋದ ಆರು ತಿಂಗಳಿಗೆ ನೀನು ಹುಟ್ಟಿದೆ. ಮತ್ತೆ ಕಚೇರಿ ಅಲೀಬೇಕಲ್ಲ ಅಂತ ಅಪ್ಪ ಅವಳ ಜನನ ಪತ್ರಾನೇ ನಿನಗಿಟ್ಟುಕೊಂಡರು. ಹೆಸರು ಅವಳದು, ತಾರೀಖು ಅವಳದು, ನೀನು ಹಾಕ್ತಿದ್ದ ಫ್ರಾಕೂ ಅವಳದು. ನಾಲ್ಕು ವರ್ಷದೋಳನ್ನ ಆರು ಅಂತ ಶಾಲೆಗೆ ಸೇರಿಸಿದರು. ಬಳಪ ಹಿಡಿಯೋಕೂ ಬರ್ತಿರಲಿಲ್ಲ, ಅತ್ತುಕೊಂಡು ಹೋಗ್ತಿದ್ದೆ. ಇನ್ನೂ ಕೈ ಗಟ್ಟಿಯಿದ್ದಾಗಲೇ ಆಸ್ಪತ್ರೆಯೋರು ನರ್ಸಮ್ಮ ನಿನಗೆ ವಯಸ್ಸಾಯ್ತು ಅಂತ ಹಾರ ಹಾಕಿ ಮನೆಗೆ ಕಳಿಸಿದರಲ್ಲ, ಆ ಎರಡು ವರ್ಷಾನೂ ಅವಳೇ ತಿಂದಳು.

ಯಾಕೆ ಹೇಳಲಿಲ್ಲ ಅಂದ್ರೆ? ನೀನು ಕೇಳಿದ್ಯಾ? ಅಮ್ಮ ಯಾಕೆ ನನ್ನನ್ನ ನೆಟ್ಟಗೆ ನೋಡಲ್ಲ ಅಂತ ಮಾತ್ರ ಕೇಳ್ತಿದ್ದೆ. ಇದಕ್ಕೇ. ಅಮ್ಮ ನಿನ್ನ ಹೆಸರು ಕೂಗಿದಾಗೆಲ್ಲ ಬಾಗಿಲ ಕಡೆ ನೋಡ್ತಿದ್ದಳು. ನೀನು ಹೋಗಿ ಎದುರಿಗೆ ನಿಂತರೆ ಮುಖ ಇಳಿದುಹೋಗ್ತಿತ್ತು. ನಾನು ಬಾಗಿಲ ಪಕ್ಕದಲ್ಲೇ ನಿಂತು ನೋಡ್ತಿದ್ದೆ. ನೀನೇನು ಮಗಳಾ? ತೇಪೆ. ಹರಿದ ಜಾಗಕ್ಕೆ ಹಾಕಿದ ತೇಪೆ. ದರ್ಜಿ ನಾನು, ನನಗೆ ಗೊತ್ತಾಗಲ್ವಾ?

ಅಳು, ಬೇಕಾದ್ರೆ ಅಳು. ಲಂಗದ ಮೇಲೆ ಮಾತ್ರ ಬೀಳಿಸಬೇಡ.

ಅವಳಾ? ಜ್ವರ ಬಂತು, ಹೋದಳು. ಆಗ ಮಕ್ಕಳು ಹಾಗೇ ಹೋಗ್ತಿದ್ವು. ಬರೆದಿರಬೇಕಲ್ಲ ಅದರಲ್ಲಿ, ಹೇಗೆ ತೀರಿಕೊಂಡಿತು ಅಂತ. ಅದನ್ನೂ ಓದು.

ಓದೇ.

ಹಾಳೆ ನೋಡೋದು ಬಿಟ್ಟು ನನ್ನ ಮುಖ ಯಾಕೆ ನೋಡ್ತೀಯ? ಜ್ವರ ಅಂತ ತಾನೇ ಇರೋದು? ಜ್ವರ ಅಂತಾನೇ ಬರೆಸ್ತೀನಿ ಅಂತ ಅಪ್ಪ ನನ್ನ ತಲೆ ಮುಟ್ಟಿ... ಬೇರೆ ಏನಾದ್ರೂ ಬರೆಸಿದಾರಾ?

ಬರೆಸಿದ್ರೆ ಸುಳ್ಳು ಅದು. ನಾನು ಹಲಗೆ ಮುಚ್ಚಿದ್ದೆ. ಬಿಂದಿಗೆ ತುಂಬಿಸ್ಕೊಂಡು ನೀರಿನ ತೊಟ್ಟಿ ಮೇಲೆ ಹಲಗೆ ಎಳೆದೇ ಹೋಗಿದ್ದು. ಪೂರ್ತಿ ಎಳೆದಿರಲಿಲ್ಲ ಅನ್ಕೋ, ಅದು ಭಾರ ಇತ್ತು ಕಣೇ. ಹತ್ತು ವರ್ಷದ ಹುಡುಗಿ ನಾನು! ಬಾಗಿಲಾಚೆ ಹಗ್ಗದಾಟ ಆಡ್ತಿದ್ದರು. ನೂರು ಎಣಿಸೋವರೆಗೆ ಆಡಿದ್ದು, ಅಷ್ಟೇ. ಅವಳು ಕೂಗಲಿಲ್ಲ. ಕೂಗಿದ್ದರೆ ಬರ್ತಿರಲಿಲ್ವಾ? ಒಂದು ಸಲ ಏನೋ ಸದ್ದಾಯ್ತು, ನಿಜ. ಎಣಿಕೆ ತಪ್ಪುತ್ತೆ ಅಂತ...

ಹಾಳೆ ಯಾಕೆ ನನ್ನ ಕಡೆ ತಿರುಗಿಸ್ತೀಯ?

ಕೊಡು ಇಲ್ಲಿ. ತಾಳು, ಕನ್ನಡಕ... ಇಲ್ಲಿದೆ. ಹೆಸರು. ವಯಸ್ಸು. ತಂದೆ. ಕಾರಣ...

ಗೆರೆ.

ಬರೀ ಒಂದು ಗೆರೆ ಎಳೆದಿದೆಯಲ್ಲೇ. ಇಷ್ಟೇನಾ ಅಲ್ಲಿದ್ದಿದ್ದು? ಅಪ್ಪ ಏನೂ ಬರೆಸಲೇ ಇಲ್ವಾ? ನಿನಗೆ... ನಿನಗೆ ಏನೂ ಗೊತ್ತಿರಲಿಲ್ವಾ?

ಹಾಗಾದ್ರೆ ಅಮ್ಮ ಬಾಗಿಲ ಕಡೆ ನೋಡ್ತಿದ್ದಳಲ್ಲ, ಅದು ಅವಳು ಬರ್ತಾಳೇನೋ ಅಂತಾನೇ. ನಾನು ನಿಂತಿರ್ತಿದ್ದದ್ದೂ ಬಾಗಿಲಲ್ಲೇ, ಅದಕ್ಕೂ ಇದಕ್ಕೂ ಏನು ಸಂಬಂಧ? ಯಾಕೆ ತಲೆ ಆಡಿಸ್ತೀಯ? ಅಮ್ಮ ನೋಡ್ತಿದ್ದದ್ದು ನನ್ನನ್ನ ಅಂತೀಯಾ?

ಬರಿ, ಆ ಚೌಕದಲ್ಲಿ ಅವಳ ಹೆಸರು ಬರಿ, ನಾನೇನು ಬೇಡ ಅಂದೆನಾ. ಹೂಂ, ಬರೆದಾಯ್ತಲ್ಲ. ಇನ್ನು ಆ ರಬ್ಬರು ಯಾಕೆ ತಗೊಂಡೆ?

ಲೇ. ಅದು ನನ್ನ ಚೌಕ.